ಅಧ್ಯಕ್ಷರ ವಿಡಿಯೊ ಎಷ್ಟು ನಿಮಿಷ ಓಡೀತು?

ಗುಳೇದಗುಡ್ಡದಲ್ಲಿ ಒಂದು ನೇಕಾರರ ಸಂಘ. ಅದರ ಅಧ್ಯಕ್ಷ ಶಿವಲಿಂಗಪ್ಪನವರು ಮೂವತ್ತು ನಿಮಿಷ ಭಾಷಣ ಮಾಡಿ ವಿಡಿಯೊ ತೆಗೆಸಿದರು. ಆಮೇಲೆ ಗುಮಾಸ್ತೆ ಕಸ್ತೂರಿಬಾಯಿಯನ್ನು ಕರೆದರು.

"ಜನ ಇದನ್ನ ಎಷ್ಟು ನಿಮಿಷ ನೋಡ್ತಾರ, ಬರದು ಕೊಡ್ರಿ. ಅಂದಾಜು ತಪ್ಪಿದ್ರ ನಿಮ್ಮನ್ನ ಗೋದಾಮಿಗೆ ಹಾಕ್ತೀನಿ."

"ಆಗಲಿ ಸಾಹೇಬ್ರ. ಮೊದ್ಲು ನೀವೊಮ್ಮೆ ನೋಡ್ರಿ, ಏನರ ತಪ್ಪಿದ್ರ ತಿಳೀತದ," ಎಂದು ಆಕೆ ಫೋನನ್ನು ಅವರ ಮುಂದಿಟ್ಟು, ಗೋಡೆಯ ಗಡಿಯಾರ ನೋಡುತ್ತ ಕುಳಿತಳು.

ಮೊದಲ ನಿಮಿಷ ಅಧ್ಯಕ್ಷರು ತಮ್ಮ ಮಾತಿಗೆ ತಾವೇ ತಲೆದೂಗಿದರು. ಆಮೇಲೆ ಮೀಸೆ ಸವರಿದರು. ಆಮೇಲೆ ಆಕಳಿಸಿದರು. ನಾಲ್ಕು ನಿಮಿಷವಾಗುತ್ತಲೇ ವಿಡಿಯೊವನ್ನು ಬೆರಳಿನಿಂದ ಕೊನೆಗೆ ಎಳೆದು, "ಎಲ್ಲಾ ಛಲೋ ಬಂದೈತಿ," ಎಂದರು.

ಕಸ್ತೂರಿಬಾಯಿ 'ನಾಲ್ಕು ನಿಮಿಷ' ಎಂದು ಚೀಟಿಯಲ್ಲಿ ಬರೆದುಕೊಟ್ಟಳು.

"ಇಷ್ಟ ಏನು? ಯಾವ ಆಧಾರದ ಮ್ಯಾಲೆ?"

"ನೀವ ನಾಕು ನಿಮಿಷಕ್ಕ ಬಿಟ್ರಿ. ನಿಮ್ಮ ಮಾತಿನ ಮ್ಯಾಲೆ ನಿಮಗಿಂತ ಹೆಚ್ಚು ಪ್ರೀತಿ ಇದ್ದವ್ರು ಊರಾಗ ಅದಾರಂತ ಬರದ್ರ, ನಿಮಗ ಅವಮಾನ ಅಲ್ಲೇನ್ರಿ?"

ಅಧ್ಯಕ್ಷರು ಚೀಟಿಯನ್ನು ಎರಡು ಸಲ ಓದಿದರು. ನಂತರ ವಿಡಿಯೊ ತೆಗೆದವನಿಗೆ ಫೋನು ಹಚ್ಚಿದರು.

"ಅದನ್ನ ಮೂರೂವರಿ ನಿಮಿಷಕ್ಕ ಇಳಿಸಪಾ. ಅಧ್ಯಕ್ಷರ ಭಾಷಣ ಎಲ್ಲಾರೂ ಪೂರ್ತಿ ನೋಡಿದ್ರು ಅಂತ ಪೇಪರಿನ್ಯಾಗ ಬರಬೇಕು."