ಕಂಬಳಿಯ ಮೇಲಿನ ದೂರು

ಕುರಿಗಾಹಿ ಹಾಲಪ್ಪನ ಹಳೇ ಕಂಬಳಿಯ ಮೇಲೆ ಅವನ ನಾಯಿ ಮೋತಿ ತನ್ನ ಮರಿಗಳೊಂದಿಗೆ ಮಲಗುತ್ತಿತ್ತು. ವಾರದಿಂದ ಮೈ ಕೆರೆದು ಕೆರೆದು ಸೋತ ಮೋತಿ ಒಂದು ದಿನ ರೇಗಿತು: "ಕಂಬಳಿಯಜ್ಜ, ನಿನ್ನ ಉಣ್ಣೆ ಚುಚ್ಚಿ ಚುಚ್ಚಿ ನನ್ನ ಪ್ರಾಣ ಹಿಂಡುತ್ತಿದೆ!"

"ನಾನು ಚುಚ್ಚಿದ್ದಾದರೆ ನೀನು ಎದ್ದು ಹೋದಮೇಲೆ ನವೆ ನಿಲ್ಲಬೇಕಲ್ಲ ಮಗಳೇ? ನಿನ್ನ ಕಿವಿಯಂಚಿನ ಕೂದಲು ಉದುರಿದೆ, ಮೊಣಕೈ ಹಕ್ಕಳೆಗಟ್ಟಿದೆ. ಈಗ ಮರಿಗಳೂ ಕೆರೆಯುತ್ತಿವೆ. ಇದು ಕಜ್ಜಿಹುಳುವಿನ ಕೆಲಸ. ಹೋಗು, ಒಡೆಯನಿಗೆ ಕಿವಿ ತೋರಿಸು," ಎಂದಿತು ಕಂಬಳಿ.

ಮೋತಿ ಹಾಲಪ್ಪನ ಮುಂದೆ ಕಿವಿ ಬಾಗಿಸಿ ಕೂತಿತು. ತಾಯಿಗೂ ಮರಿಗಳಿಗೂ ಔಷಧಿಯಾಯಿತು. ಕಂಬಳಿಗೆ ಕುದಿನೀರು, ಬಿಸಿಲು ಎರಡೂ ಆದವು.

ತಿಂಗಳು ಕಳೆದು ಮೋತಿ ಅದರ ಮೇಲೆ ಖುಷಿಯಿಂದ ಹೊರಳಾಡಿತು: "ಅಜ್ಜ, ಈಗ ನೀನೆಷ್ಟು ಮೆತ್ತಗಾಗಿದ್ದೀಯ!"

"ಕುದಿಸಿದಮೇಲೆ ನಾನು ಇನ್ನಷ್ಟು ಒರಟಾಗಿದ್ದೇನೆ ಮಗಳೇ," ಎಂದು ಕಂಬಳಿ ನಕ್ಕಿತು.