ಭರಮ ಮೈನಾನ್ನ ಪ್ರದರ್ಶನಕ್ಕ ಒಯ್ದದ್ದು

ಸಂಕವ್ವಗ ಒಬ್ಬನೇ ಮಗ, ಭರಮ. ಮೈಯಾಗ ಎತ್ತಿನ ಕಸುವು, ಮನಸ್ಸಿನ್ಯಾಗ ಒಂದೀಟೂ ಕಪಟ ಇಲ್ಲ. ಆದರ ಹೇಳಿದ್ದನ್ನ ಹೇಳಿದಂಗ ಮಾಡಾಂವ. "ಬಾಗಲಾ ನೋಡ್ಕೋ" ಅಂದ್ರ ಬಾಗಲಾನ ನೋಡ್ಕೋತ ಕುಂಡ್ರಾಂವ. ಬೆಕ್ಕು ಹಾಲು ಕುಡದು ಅವನ ಕಾಲು ದಾಟಿ ಹೋದರೂ ಹಚಾ ಅನ್ನಾಂವಲ್ಲ. "ಇಂಥಾವನ್ನ ಬಿಟ್ಟು ನಾ ಹೆಂಗ ಸಾಯ್ಲಿ" ಅಂತ ಸಂಕವ್ವ ಹಣಿ ಹಣಿ ಬಡಕೋತಿದ್ಲು.

ಅವಳ ಗಂಡ ಕುರಿ ಕಾಯಾಂವ. ಅಂವ ಸತ್ತ ಮ್ಯಾಲೆ ಕುರಿ ಮಾರಿದ್ರು, ಉಳದದ್ದು ಮೈನಾ ಒಂದ. ಮೈನಾ ಅಂದ್ರ ತಟ್ಟು, ಸಣ್ಣ ಜಾತಿ ಕುದುರಿ. ಕುರಿ ಹಿಂಡಿನ ಹಿಂದ ಊರೂರು ತಿರುಗುವಾಗ ಗಡಿಗಿ, ಕಂಬಳಿ, ಕೋಳಿ, ಸಂಸಾರನೆಲ್ಲಾ ಬೆನ್ನ ಮ್ಯಾಲೆ ಹೊತ್ತಿದ್ದು ಅದೇ. ರಾತ್ರಿ ಹೊರಗ ಅದು ಉಸಿರಾಡೂದು ಕೇಳಿದ್ರ ಸಂಕವ್ವಗ ಗಂಡನೇ ಅಲ್ಲಿ ಮಲಗಿದಂಗ ಅನಸ್ತಿತ್ತು.

ತಾಯಿ ಮಗ ಈಗ ಇದ್ದದ್ದು ಸಂಕವ್ವನ ತಮ್ಮ ಸಿದಗೊಂಡನ ಮನ್ಯಾಗ. ಅಂವ ಒಂದಿನ ಅಂದ, "ಅಕ್ಕಾ, ಇದಕ್ಕ ತಳಿ ಇಲ್ಲ, ಕಾಗದ ಇಲ್ಲ, ಕೆಲಸಾನೂ ಇಲ್ಲ. ಕಣಿಕಿ ತಿಂದು ನಿಂತಿರ್ತೈತಿ. ಮಾರಿಬಿಡು."

"ನಾಕ ಮಂದಿ ಮೆಚ್ಚೂ ಕುದುರಿ ಅದು, ತಮ್ಮಾ."

"ಹಂಗಾರ ಮೆಚ್ಚಲಿ. ಸುತ್ತಲ ಊರಾಗ ಕುದುರಿ ಪ್ರದರ್ಶನ ನಡೀತಾವು. ಯಾವುದರಾಗರ ಒಂದು ಬಹುಮಾನ ತರ್ಲಿ, ಅದು ಇರೂತನಕ ನಾ ಮೇವು ಹಾಕ್ತೀನಿ."

ಸಂಕವ್ವಗ ಮೊಣಕಾಲು ಹಿಡದಿದ್ವು, ದೂರ ನಡಿಯಾಕ ಆಗೂದಿಲ್ಲ. ಭರಮನೇ ಹೋಗಬೇಕು. ಮೈನಾನ ಮೈ ತಿಕ್ಕಿ, ಬಾಲ ಹಿಕ್ಕಿ, ಮಗನ ಕೈಯಾಗ ಹಗ್ಗ ಕೊಟ್ಟು ಅಂದ್ಲು, "ನೋಡಪಾ, ಏನರ ಆಗ್ಲಿ, ಹಗ್ಗ ಮಾತ್ರ ಬಿಡಬ್ಯಾಡ."

ಮೊದಲನೇ ಊರಾಗ ಹೆಸರು ಬರಕೊಳ್ಳಾಂವ ಕೇಳಿದ, "ಯಾವ ತಳಿ? ಕಾಗದ ಎಲ್ಲಿ?"

"ಅವ್ವ ಹಗ್ಗ ಅಷ್ಟ ಕೊಟ್ಟಾಳರಿ."

ಅಂವ ನಕ್ಕು, ಕಾಗದ ಇಲ್ಲದ ಮನಿ ಕುದುರಿಗೋಳ ಸಾಲಿನ್ಯಾಗ ನಿಂದ್ರಿಸಿದ. ಅಲ್ಲಿದ್ದವರೆಲ್ಲಾ ಹೊಸಬರ. ಒಬ್ಬೊಬ್ರಾಗಿ ಕುದುರಿ ಹಿಡಕೊಂಡು ಬಯಲು ಸುತ್ತಬೇಕು. ಭರಮ ಎದಿ ಉಬ್ಬಿಸಿ ಹೊಂಟ. ನಾಕ ಹೆಜ್ಜಿಗೆ ಕುಣಿಕಿ ಸಡಲಾತು, ಮೈನಾ ತಲಿ ಕೊಡವಿ ಹುಲ್ಲು ಮೇಯಾಕ ನಿಂತಿತು. ಭರಮ ನಿಂದರಲಿಲ್ಲ. ಬರೇ ಹಗ್ಗ ಎಳಕೊಂಡು ಇಡೀ ಬಯಲು ಸುತ್ತಿ, ಬಹುಮಾನ ಆರಿಸೂ ಪಂಚರ ಮುಂದ ಬಂದು ನಿಂತ.

"ಕುದುರಿ ಎಲ್ಲಪಾ?" ಅಂದ್ರು ಪಂಚರು.

"ಹಗ್ಗ ಬಿಟ್ಟಿಲ್ಲರಿ" ಅಂದ ಭರಮ.

ಮನಿಗೆ ಬಂದಾಗ ಸಂಕವ್ವ ಕೇಳಿ ಹಣಿ ಬಡಕೊಂಡ್ಲು. "ಹಗ್ಗಕ್ಕ ಯಾರು ಬಹುಮಾನ ಕೊಡ್ತಾರೋ ನನ್ನಪ್ಪಾ. ಕುದುರಿ ನೋಡಬೇಕು. ಕುದುರಿ ಮ್ಯಾಲಿಂದ ಕಣ್ಣು ತಗೀಬ್ಯಾಡ."

"ಆತವ್ವಾ."

ಎರಡನೇ ಊರಾಗ ಭರಮ ಮೈನಾನ ಮುಖಾನ ನೋಡ್ಕೋತ ಹಿಂದಹಿಂದಕ ನಡದ. ಕುದುರಿ ಚೆಂದ ಬರ್ತಿತ್ತು, ಮಂದಿ ಭೇಷ್ ಅಂದ್ರು. ಪಂಚರೊಳಗ ಒಬ್ಬರು, "ತಮ್ಮಾ, ಹಿಂದ ನೋಡು" ಅಂದ್ರು. ಭರಮ ನೋಡಲಿಲ್ಲ. "ನಿನ್ನ ಹೆಸರೇನೋ?" ಅಂದ್ರು. ಹೇಳಲಿಲ್ಲ. ಹಿಂದಹಿಂದಕ ಬಂದು ಪಂಚರ ಮೇಜಿಗೆ ಬಡದ, ಮೇಜು ಬಿತ್ತು, ನೀರಿನ ಕೊಡ ಬಿತ್ತು, ಹಿರೇ ಪಂಚರ ಧೋತರ ತೊಯ್ದು ತಪ್ಪಡಿ ಆತು. ಅಷ್ಟಾದರೂ ಭರಮನ ಕಣ್ಣು ಮೈನಾನ ಮ್ಯಾಲ ಇತ್ತು.

ಸಂಕವ್ವ ಆ ದಿನ ಬೈಲಿಲ್ಲ. ಒಲಿ ಮುಂದ ಕುಂತು ಅಂದ್ಲು, "ದೊಡ್ಡವರು ಏನರ ಕೇಳಿದ್ರ ಅವರ ಮುಖ ನೋಡಬೇಕಪಾ. ಹೂಂನ್ರಿ ಅನಬೇಕು. ಇಲ್ಲ ಅನಬಾರದು."

"ಆತವ್ವಾ, ಹೂಂ ಅಂತೀನಿ."

ಮೂರನೇ ಊರಾಗ ಎಲ್ಲಾ ಸುಸೂತ್ರ ಆತು. ಕಡೀಗೆ ಮಕ್ಕಳನ್ನ ಹತ್ತಿಸಿ ನೋಡೂ ಪರೀಕ್ಷಾ. ಉಳದ ಕುದುರಿ ಕೆಲವು ಒದ್ದವು, ಕೆಲವು ಓಡಿದ್ವು. ಸಂಸಾರ ಹೊತ್ತ ಮೈನಾಗ ಒಂದು ಕೂಸು ಯಾವ ಲೆಕ್ಕ? ಆ ಊರಿನ ನಾಡಗೌಡ್ರ ಮೊಮ್ಮಗಳು ಹತ್ತಿದಳು, ಕುತ್ತಿಗಿ ತಬ್ಬಿದಳು, ಇಳಿಯಾಕ ಒಲ್ಲೆ ಅಂದ್ಲು. ಪಂಚರು ಮೈನಾಗ ಕೆಂಪು ರಿಬ್ಬನ್ನಿನ ಹೂವು ಕಟ್ಟಿದ್ರು. ಮೊದಲನೇ ಬಹುಮಾನ.

ನಾಡಗೌಡ್ರು ಭರಮನ ಹಂತೇಲೆ ಬಂದ್ರು. "ನಮ್ಮ ಹುಡುಗಿ ಭಾಳ ಮೆಚ್ಯಾಳ. ಇದನ್ನ ನಮಗ ಕೊಡ್ತೀಯೇನಪಾ?"

ಭರಮ ಅವರ ಮುಖ ನೋಡಿದ. "ಹೂಂನ್ರಿ."

"ಬದಲಿಗೆ ಹಾಲು ಹಿಂಡೂ ಎಮ್ಮಿ ಕೊಡ್ತೀನಿ. ನಿಮ್ಮ ಮನ್ಯಾಗ ಒಪ್ಪತಾರೇನು?"

"ಹೂಂನ್ರಿ."

ಸಂಜೀಕ ಸಂಕವ್ವ ಬಾಗಲದಾಗ ನಿಂತು ನೋಡಿದ್ಲು. ಮಗನ ಕೈಯಾಗ ಕೆಂಪು ಹೂವು, ಹಿಂದ ಕರೇ ಎಮ್ಮಿ. ಭರಮ ನಡದದ್ದೆಲ್ಲಾ ಹೇಳಿದ. ಸಿದಗೊಂಡಗ ಹಿಗ್ಗು. "ಅಕ್ಕಾ, ನಿನ್ನ ಮಗ ಇವತ್ತು ಶಾಣ್ಯಾ ಆದ ನೋಡು. ಈ ಎಮ್ಮಿಗೆ ನಾ ಮೇವು ಹಾಕ್ತೀನಿ."

ಸಂಕವ್ವ ಬಾಗಲ ಹಿಡಕೊಂಡು ಅಲ್ಲೇ ಕುಂತ್ಲು. "ಅದನ್ನ ಉಳಿಸಿಕೊಳ್ಳಾಕ ಬಹುಮಾನ ಬೇಕಾಗಿತ್ತೋ ಭರಮಾ. ಯಾರು ಏನು ಕೇಳಿದರೂ ಹೂಂ ಅಂತಾರೇನು? ಇನ್ನ ಮ್ಯಾಲೆ ಯಾರ ಏನ ಕೇಳಲಿ, ಇಲ್ಲ ಅನ್ನು. ಬೆಳಗಾದ ಕೂಡಲೇ ಎಮ್ಮಿ ಹೊಡಕೊಂಡು ಗೌಡ್ರ ಮನಿಗೆ ಹೋಗು."

"ಆತವ್ವಾ. ಇಲ್ಲ ಅಂತೀನಿ."

ಮುಂಜಾನೆ ಎಮ್ಮಿ ಹೊಡಕೊಂಡು ಹೋದ. ನಾಡಗೌಡ್ರು ಒಳ್ಳೇ ಮನುಷ್ಯಾ. ಎಮ್ಮಿ ನೋಡಿ ಅವರಿಗೆ ಅಳುಕಾತು. "ಯಾಕಪಾ, ನಿಮ್ಮವ್ವಗ ಮನಸ್ಸು ಇರಲಿಲ್ಲೇನು? ಕುದುರಿ ತಿರುಗಿ ಒಯ್ಯಾಕ ಬಂದೀಯೇನು?"

"ಇಲ್ಲರಿ" ಅಂದ ಭರಮ.

"ಸಂಕೋಚ ಮಾಡಬ್ಯಾಡ. ಬೇಕಂದ್ರ ಈಗ ಬಿಚ್ಚಿ ಕೊಡ್ತೀನಿ. ಒಯ್ತೀಯೇನು?"

"ಇಲ್ಲರಿ."

"ಮತ್ತ ಎಮ್ಮಿ ಹಾಲು ಕೊಟ್ಟಿತೇನು?"

"ಇಲ್ಲರಿ."

"ಹೊಸ ಜಾಗಾ, ಬೆದರಿರಬೇಕು" ಅಂದ್ರು ಗೌಡ್ರು. ಒಂದು ಚೀಲ ಹಿಂಡಿ ತರಿಸಿ ಎಮ್ಮಿ ಬೆನ್ನ ಮ್ಯಾಲೆ ಹೇರಿಸಿದ್ರು. ಭರಮ ಹೊಳ್ಳುವಾಗ ಕೊಟ್ಟಿಗ್ಯಾಗಿಂದ ಮೈನಾ ಅವನ್ನ ಗುರ್ತು ಹಿಡದು ಕೆನೀತು. ಅಂವ ನಿಂತ. ಒಂದು ಹೆಜ್ಜಿ ಅತ್ತಾಗ ಇಟ್ಟ. "ಏನರ ಬೇಕಾಗಿತ್ತೇನಪಾ?" ಅಂದ್ರು ಗೌಡ್ರು. "ಇಲ್ಲರಿ" ಅಂದು ಎಮ್ಮಿ ಹೊಡಕೊಂಡು ಹೊಂಟ.

ಮನ್ಯಾಗ ಸಂಕವ್ವ ಎಮ್ಮಿ ನೋಡಿದ್ಲು, ಹಿಂಡಿ ಚೀಲ ನೋಡಿದ್ಲು.

"ಗೌಡ್ರು ತಿರುಗಿ ಕೊಡ್ತೀನಿ ಅನ್ನಲಿಲ್ಲೇನು?"

"ಇಲ್ಲ."

"ಒಂದು ಮಾತು ಸೈತ ಅನ್ನಲಿಲ್ಲ?"

"ಇಲ್ಲ."

ಸಂಕವ್ವ ನಂಬಿದಳು. "ದೊಡ್ಡವರ ಕೈಗೆ ಹೋದದ್ದು ಹೊಳ್ಳಿ ಬರ್ತೈತೇನು" ಅಂದ್ಲು. ಹಿಂಡಿ ನೆನಿಯಾಕ ಹಾಕಿ, ಎಮ್ಮಿ ಮುಂದ ಇಟ್ಟು ಬಂದ್ಲು. ಹೊಳ್ಳಿ ನೋಡಿದ್ರ ಭರಮ ಕಟ್ಟಿ ಮ್ಯಾಲೆ ಕುಂತಿದ್ದ. ಗಲ್ಲದ ಮ್ಯಾಲಿಂದ ನೀರು ಇಳದು ಅಂಗಿ ತೊಯ್ತಿತ್ತು.

"ಅಳಾಕತ್ತೀಯೇನೋ, ಮಗನ?"

"ಇಲ್ಲ" ಅಂದ ಭರಮ.