ಮೂರನೇ ಮಹಡಿಯ ಬುಟ್ಟಿ

ಮಲ್ಲಿಗೆ ಬಿರಿಯುವ ಸಂಜೆ ಹೂವಾಡಗಿತ್ತಿ ಚೆಲುವಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಬಂದಳು. ನಿವಾಸಿಗಳ ಸಂಘದ ಅಧ್ಯಕ್ಷ ವಾಮನರಾಯರು ಅಡ್ಡ ನಿಂತಿದ್ದರು.

"ಇನ್ನು ಮೇಲೆ ಮೊಬೈಲಿನಲ್ಲಿ ನಮ್ಮ ಆ್ಯಪ್ ಇದ್ದವರಿಗೆ ಮಾತ್ರ ಪ್ರವೇಶ."

ಹಾಕಿಕೊಳ್ಳಲು ಹೋದರೆ ಆ್ಯಪ್ ಅವಳ ಮೊಬೈಲಿನಲ್ಲಿದ್ದ ಫೋಟೊಗಳನ್ನು, ಪರಿಚಯದವರ ನಂಬರುಗಳನ್ನು ಕೇಳಿತು. ಗಂಡನ ಕಾಟಕ್ಕೆ ಹೆದರಿ ದೂರದೂರಿನಲ್ಲಿ ಗುಟ್ಟಾಗಿ ಬದುಕುತ್ತಿದ್ದ ಅವಳ ಮಗಳ ನಂಬರೂ ಅವುಗಳಲ್ಲಿತ್ತು.

"ಹೂವು ಮಾರೋಕೆ ಇದೆಲ್ಲ ಯಾಕೆ ಸ್ವಾಮಿ?"

"ಆ್ಯಪ್ ಸ್ಟೋರಿನಲ್ಲೇ ಇರುವುದು, ಭಯವೇನಿಲ್ಲ. ನಂಬಿಕೆ ಇಲ್ಲದಿದ್ದರೆ ಒಳಗೆ ಕಾಲಿಡಬೇಡ."

"ಆಗಲಿ, ಕಾಲಿಡೋಲ್ಲ."

ಅವಳು ಬೀದಿ ಬದಿಯ ಬಾಲ್ಕನಿಗಳ ಕೆಳಗೆ ನಿಂತು, "ಮಲ್ಲಿಗೇ..." ಎಂದು ರಾಗವಾಗಿ ಕೂಗಿದಳು. ಹೊಂಬಿಸಿಲಿನಲ್ಲಿ ಹಗ್ಗದ ತುದಿಯ ಬುಟ್ಟಿಗಳು ತೂಗುತ್ತ, ಕನಸಿನಲ್ಲಿ ಇಳಿಯುವಂತೆ ಇಳಿದವು. ಮೊದಲನೆಯದು ಮೂರನೇ ಮಹಡಿಯ ರಾಯರ ಮನೆಯದೇ.

"ಇಂದಿರಾ, ಬುಟ್ಟಿ ಮೇಲಕ್ಕೆಳೆದುಕೋ," ರಾಯರು ಹೆಂಡತಿಯನ್ನು ಗದರಿದರು.

ಚೆಲುವಮ್ಮ ಎರಡು ಮೊಳ ಹೂವಿಟ್ಟು ಹಗ್ಗ ಜಗ್ಗಿದಳು. "ನಂಬಿಕೆ ಅಂದ್ರೆ ಈ ಬುಟ್ಟಿ ನೋಡಿ ಸ್ವಾಮಿ. ನಾನಿಟ್ಟಷ್ಟೇ ಒಯ್ಯುತ್ತೆ. ನನ್ನ ಸೆರಗಿನ ಗಂಟಲ್ಲಿ ಏನಿದೆ ಅಂತ ಕೇಳೋಲ್ಲ."

ಪರಿಮಳ ರಾಯರ ತಲೆಯ ಮೇಲೆ ತೇಲುತ್ತ ಮನೆ ಸೇರಿತು. ಅವರು ಕತ್ತೆತ್ತಿ ನೋಡುತ್ತಲೇ ನಿಂತರು.

ಮರುದಿನ ಅವರೇ ಗೇಟು ತೆರೆದರು. "ಒಳಗೆ ಬಾಮ್ಮ. ಆ್ಯಪ್ ಬೇಡ."

"ಇಲ್ಲೇ ಚೆನ್ನಾಗಿದೆ ಸ್ವಾಮಿ," ಎಂದಳು ಚೆಲುವಮ್ಮ. "ನಿಮ್ಮ ಮೆಟ್ಟಿಲು ಹತ್ತಿ ಹತ್ತಿ ಮಂಡಿ ಸವೆದಿತ್ತು."